ಪೌಂಡ್ ಚಿಹ್ನೆಯಲ್ಲಿ ಅಡಗಿದ ‘ನ’

ಹದಿನೈದು ವರ್ಷ ದಾಟಿದ ಮನೆಯ ಗಣಕಯಂತ್ರದಿಂದ ಕಾರ್ಯಾಚರಣ ವ್ಯವಸ್ಥೆಯನ್ನು, ಎಂದರೆ ಯಂತ್ರದ ಬಿಡಿಭಾಗಗಳಿಗೂ ಬಳಸುವ ಮನುಷ್ಯನಿಗೂ ನಡುವೆ ನಿಂತು ಎಲ್ಲ ಕೆಲಸವನ್ನು ಹಂಚಿಕೊಡುವ ಮೂಲ ತಂತ್ರಾಂಶವನ್ನು ಅಳಿಸಿ, ಅದೇ ಹಳೆಯ ಆವೃತ್ತಿಯನ್ನು ಮರಳಿ ಸ್ಥಾಪಿಸುವ ಕೆಲಸಕ್ಕೆ ಕನ್ನಡನಾಡಿನ ಅಂಗಡಿಗಳಲ್ಲಿ ‘ಓಎಸ್ ಹಾಕುವುದು’ ಅಥವಾ ‘ಫಾರ್ಮ್ಯಾಟ್ ಹೊಡೆಯುವುದು’ ಎಂಬ ಹೆಸರಿದೆ. ಮಾತು ಸಣ್ಣದು, ಕೆಲಸ ಸಣ್ಣದಲ್ಲ. ರಾಯಚೂರು ಜಿಲ್ಲೆಯ ಮಾನ್ವಿ ತಾಲ್ಲೂಕಿನ ಹಿರೇಕೊಟ್ನೆಕಲ್‌ನಂಥ ಊರಿನ ಮನೆಯೊಂದರಲ್ಲಿ ವಿಂಡೋಸ್ ಎಕ್ಸ್‌ಪಿಯ ಕಾಲದ ಡಬ್ಬಿಯೊಂದು ಉಳಿದಿದ್ದರೆ, ಅದು ಕೆಟ್ಟಾಗ ಹೊಸದನ್ನು ಕೊಳ್ಳಿರಿ ಎಂಬ ಸಲಹೆ ಸುಲಭವಾಗಿ ಸಿಗುತ್ತದೆ. ಆದರೆ ಆ ಡಬ್ಬಿಯಲ್ಲಿ ಇಪ್ಪತ್ತು ವರ್ಷಗಳ ಹಿಂದೆ ಬೆರಳಚ್ಚು ಮಾಡಿದ ಕನ್ನಡವಿದ್ದರೆ ಆ ಸಲಹೆ ಸಾಲದು. ಏಕೆಂದರೆ ಅದರಲ್ಲಿರುವುದು ಇಂದಿನ ಯಂತ್ರಗಳು ಕನ್ನಡವೆಂದು ಗುರುತಿಸದ ಕನ್ನಡ.

ಈ ಕಸುಬಿನ ತಿರುಳು ಇರುವುದು ಇಲ್ಲಿಯೇ ಆದ್ದರಿಂದ ಇದನ್ನು ಸ್ವಲ್ಪ ವಿವರವಾಗಿ ನೋಡಬೇಕು. ಆ ಕಾಲದ ಅಕ್ಷರಶೈಲಿಯೊಂದಕ್ಕೆ, ಎಂದರೆ ಫಾಂಟಿಗೆ, ದೊರೆಯುತ್ತಿದ್ದುದು ಒಟ್ಟು 256 ಸ್ಥಾನಗಳು. ಅವುಗಳಲ್ಲಿಯೂ ಕೆಲವು ಯಂತ್ರದ ಸ್ವಂತ ಆಜ್ಞೆಗಳಿಗೆ ಮೀಸಲಾಗಿದ್ದವು. ಕನ್ನಡದ ಕಾಗುಣಿತಗಳನ್ನೂ ಒತ್ತಕ್ಷರಗಳನ್ನೂ ಎಣಿಸಿದರೆ ಆಕಾರಗಳು ಸಾವಿರಗಳನ್ನು ದಾಟುವುದರಿಂದ, ತಂತ್ರಜ್ಞರು ಅಚ್ಚುಮೊಳೆ ಜೋಡಿಸುವವರಂತೆ ಯೋಚಿಸಿ ಅಕ್ಷರಗಳನ್ನು ಬಿಡಿಸಿದರು: ಒಡಲು ಬೇರೆ, ತಲೆಕಟ್ಟು ಬೇರೆ, ಕೊಂಬು ಬೇರೆ, ಒತ್ತು ಬೇರೆ. ಹೀಗೆ ಬಿಡಿಸಿದ ತುಂಡುಗಳನ್ನು ರೋಮನ್ ಅಕ್ಷರಗಳೂ ಯುರೋಪಿನ ಚಿಹ್ನೆಗಳೂ ಕುಳಿತಿದ್ದ ಸ್ಥಾನಗಳಲ್ಲಿ ಕೂರಿಸಲಾಯಿತು. ಫಾಂಟು ಇರುವವರೆಗೆ ಪರದೆಯ ಮೇಲೆ ಕಾಣುವುದು ಅಚ್ಚುಕಟ್ಟಾದ ಕನ್ನಡ. ಫಾಂಟು ಇಲ್ಲದಾಗ ಕಾಣುವುದು ಆ ಸ್ಥಾನಗಳ ಮೂಲ ಒಡೆಯರು.

‘ನುಡಿ’ ತಂತ್ರಾಂಶದ ಫಾಂಟಿನಲ್ಲಿ ‘ಕನ್ನಡ’ ಎಂಬ ಪದಕ್ಕೆ ಏಳು ಚಿಹ್ನೆಗಳು ಬೇಕು. ‘ಕ’ದ ಒಡಲು ರೋಮನ್ನಿನ ದೊಡ್ಡ ‘ಪಿ’ಯ ಸ್ಥಾನದಲ್ಲಿದೆ, ತಲೆಕಟ್ಟು, ನೆತ್ತಿಯ ಮೇಲೆ ಓರೆಗೆರೆ ಹೊತ್ತ ಫ್ರೆಂಚರ ‘ಎ’ಯ ಸ್ಥಾನದಲ್ಲಿದೆ, ‘ನ’ದ ಒಡಲು ಬ್ರಿಟನ್ನಿನ ಪೌಂಡ್ ನಾಣ್ಯದ ಚಿಹ್ನೆಯಲ್ಲಿಯೂ, ಅದರ ಒತ್ತು ಜರ್ಮನ್ನರ ಜೋಡಿ ‘ಎಸ್’ ಅಕ್ಷರದಲ್ಲಿಯೂ, ‘ಡ’ದ ಒಡಲು ಸಣ್ಣ ‘ಕ್ಯು’ವಿನಲ್ಲಿಯೂ ಅಡಗಿವೆ. ‘ಮಾನ್ವಿ’ ಎಂಬುದು ಆರು ಚಿಹ್ನೆಗಳಾಗುತ್ತದೆ, ಅದರಲ್ಲಿ ಒತ್ತಿನ ಮೇಲೆ ಕಾಣುವ ‘ನಿ’ ಎಂಬ ಭಾಗವು ಯಾವ ದೇಶಕ್ಕೂ ಸೇರದ ಸಾಮಾನ್ಯ ಹಣದ ಗುರುತಿನಲ್ಲಿ ಕುಳಿತಿದೆ. ನಾಲ್ಕೇ ಅಕ್ಷರಗಳ ‘ರಾಯಚೂರು’ ಹನ್ನೆರಡು ಚಿಹ್ನೆಗಳಿಗೆ ಬೆಳೆಯುತ್ತದೆ. ಅದರಲ್ಲಿ ‘ಯ’ ಒಂದೇ ನಾಲ್ಕನ್ನು ಬಳಸಿಕೊಳ್ಳುತ್ತದೆ, ಮತ್ತು ಆ ನಾಲ್ಕರಲ್ಲಿ ಮೊದಲನೆಯದು ಅನುಸ್ವಾರಕ್ಕೆ ಬಳಸುವ ಸೊನ್ನೆಯೇ ಆಗಿದೆ. ‘ಯ’ದ ಎಡಬದಿಯ ಸುತ್ತು ಸೊನ್ನೆಯಂತೆಯೇ ಕಾಣುವುದರಿಂದ ಒಂದೇ ತುಂಡನ್ನು ಎರಡು ಕೆಲಸಕ್ಕೆ ದುಡಿಸಿಕೊಳ್ಳಲಾಗಿದೆ. ಇರುವ ಅಲ್ಪ ಜಾಗದಲ್ಲಿ ಒಂದು ಲಿಪಿಯ ಸಂಸಾರ ಹೂಡಿದ ಈ ಜಾಣ್ಮೆಗೆ ಕನ್ನಡದ ಬರವಣಿಗೆಯ ಇತಿಹಾಸದಲ್ಲಿ ದೊರೆಯಬೇಕಾದ ಗೌರವ ಇನ್ನೂ ದೊರೆತಿಲ್ಲ.

ಬೆರಳಿನ ಕಡೆಯಿಂದ ನೋಡಿದರೆ ಇದೇ ಪದದ ಕಥೆ ಬೇರೆ. ಮಂಗಳೂರು ಬಳಿಯ ಕಿನ್ನಿಕಂಬಳದ ಕೆ.ಪಿ. ರಾವ್ ಅವರು ರೂಪಿಸಿದ, ಮುಂದೆ ‘ನುಡಿ’ಗೂ ಆಧಾರವಾದ ಕೀಲಿಮಣೆ ವಿನ್ಯಾಸದಲ್ಲಿ ‘ಕನ್ನಡ’ ಎಂದು ಮೂಡಿಸಲು ಐದು ಕೀಲಿಗಳು ಸಾಕು: ‘ಕ’, ‘ನ’, ಅಕ್ಷರಗಳನ್ನು ಬೆಸೆಯುವ ‘ಎಫ್’ ಕೀಲಿ, ಮತ್ತೆ ‘ನ’, ಕೊನೆಗೆ ‘ಡ’. ಕನ್ನಡಿಗನು ಉಚ್ಚರಿಸುವ ಕ್ರಮವೇ ಬೆರಳಿನ ಕ್ರಮವೂ ಆಗಬೇಕೆಂಬುದು ಆ ವಿನ್ಯಾಸದ ಹಿಂದಿನ ನೋಟ. ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರನ್ನು ತಮ್ಮ ತಂತ್ರಾಂಶಕ್ಕೆ ಇಟ್ಟ ರಾವ್ ಅವರಿಗೆ ಭಾಷೆಯ ಧ್ವನಿ ಮೊದಲು, ಯಂತ್ರದ ಅನುಕೂಲ ಆಮೇಲೆ ಎಂಬುದು ಸ್ಪಷ್ಟವಿತ್ತು. ಇಂದು ಜಗತ್ತೆಲ್ಲ ಒಪ್ಪಿರುವ ಯೂನಿಕೋಡ್, ಎಂದರೆ ಪ್ರತಿ ಲಿಪಿಯ ಪ್ರತಿ ಅಕ್ಷರಕ್ಕೂ ಬೇರೆ ಯಾರೂ ಬಳಸದ ಸಂಖ್ಯೆಯನ್ನು ಕೊಡುವ ಸಂಕೇತ ಪದ್ಧತಿ, ‘ಕನ್ನಡ’ವನ್ನು ಉಳಿಸಿಕೊಳ್ಳುವುದೂ ಇದೇ ಐದು ಘಟಕಗಳ ಕ್ರಮದಲ್ಲಿ. ಐದು ಒತ್ತಿ ಏಳಾಗಿ ಉಳಿದ ಕನ್ನಡ ಮತ್ತೆ ಐದಾಗಬೇಕಾಗಿದೆ. ಹಳೆಯ ಗಣಕಯಂತ್ರವನ್ನು ಬದುಕಿಸುವ ಶ್ರಮವೆಲ್ಲವೂ ಈ ಏಳರಿಂದ ಐದರ ನಡುವಿನ ದಾರಿಗಾಗಿ.

ಇತಿಹಾಸವನ್ನು ಸಂಕ್ಷೇಪವಾಗಿ ಹೇಳಬಹುದು. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರ ‘ಬರಹ’ ಬಂದಿತು. ಪುಣೆಯ ಮಾಡ್ಯುಲರ್ ಇನ್ಫೋಟೆಕ್ ಸಂಸ್ಥೆಯ ‘ಶ್ರೀಲಿಪಿ’ ಮುದ್ರಣಾಲಯಗಳನ್ನು ಹೊಕ್ಕಿತು. ಈ ಶತಮಾನದ ಆರಂಭದಲ್ಲಿ ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ ಸರ್ಕಾರಿ ಕಚೇರಿಗಳಿಗೂ ಶಾಲೆಗಳಿಗೂ ಉಚಿತವಾಗಿ ಹಂಚಿಕೆಯಾಯಿತು. ಗಣಕಯಂತ್ರದಲ್ಲಿ ಕನ್ನಡಕ್ಕೆ ನ್ಯಾಯ ಸಿಗಬೇಕೆಂದು ಪೂರ್ಣಚಂದ್ರ ತೇಜಸ್ವಿಯಂಥ ಲೇಖಕರು ದನಿ ಎತ್ತಿದ್ದು ಇದೇ ಕಾಲದಲ್ಲಿ. 2001ರ ಅಕ್ಟೋಬರಿನಲ್ಲಿ ಬಿಡುಗಡೆಯಾದ ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಎಂಬ ಯೂನಿಕೋಡ್ ಫಾಂಟನ್ನು ಹೊತ್ತು ತಂದಿತ್ತು. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಕುಡಿಯುವ ಸೀಮೆಯವರಿಗೆ ಆ ಹೆಸರು ಪರಕೀಯವಾಗಿ ಕೇಳಿಸಲಾರದು. ಆದರೂ ಡಿಟಿಪಿ ಅಂಗಡಿಗಳು, ಎಂದರೆ ಮೇಜಿನ ಮೇಲಿನ ಗಣಕಯಂತ್ರದಲ್ಲಿಯೇ ಪುಟ ಕಟ್ಟುವ ಅಂಗಡಿಗಳು, ಬಹುಕಾಲ ಹಳೆಯ ದಾರಿಯನ್ನೇ ಹಿಡಿದವು. ಪುಟ ಕಟ್ಟಲು ಅವು ನೆಚ್ಚಿದ್ದ ಪೇಜ್‌ಮೇಕರ್ ತಂತ್ರಾಂಶದ ಕೊನೆಯ ಆವೃತ್ತಿ 2001ರಲ್ಲಿ ಬಂದ ಏಳನೆಯದು. ಅದಕ್ಕೆ ಯೂನಿಕೋಡ್ ತಿಳಿಯದು. ಹೀಗಾಗಿ ಲಗ್ನಪತ್ರಿಕೆ, ಪ್ರಶ್ನೆಪತ್ರಿಕೆ, ಜಾತ್ರೆಯ ಕರಪತ್ರ, ಭಜನಾ ಪುಸ್ತಕ, ಕವನ ಸಂಕಲನ ಎಲ್ಲವೂ ಪೌಂಡ್ ಚಿಹ್ನೆಯೊಳಗೇ ಉಳಿದವು.

ಹೊಸ ಯಂತ್ರದಲ್ಲಿಯೂ ಹಳೆಯ ಫಾಂಟನ್ನು ಹಾಕಿಕೊಂಡರೆ ಬರಿಯ ಓದಿಗೆ ತೊಂದರೆಯಿಲ್ಲ ಎಂಬುದು ನಿಜ. ತೊಡಕು ಬರುವುದು ಪುಟವಿನ್ಯಾಸದ ಕಡತಗಳಲ್ಲಿ, ಯಂತ್ರಕ್ಕೆ ಚುಚ್ಚಬೇಕಾದ ಬೀಗದ ತುಣುಕನ್ನು ಬೇಡುವ ‘ಶ್ರೀಲಿಪಿ’ಯಂಥ ತಂತ್ರಾಂಶಗಳಲ್ಲಿ, ಮತ್ತು 64 ಬಿಟ್‌ನ ವಿಂಡೋಸ್ ತೆರೆಯಲೂ ಒಪ್ಪದ 16 ಬಿಟ್‌ನ ಹಳೆಯ ಕಾರ್ಯಕ್ರಮಗಳಲ್ಲಿ. ಒಂದು ತಂತ್ರಾಂಶದ ತುಂಡುಗಳ ಜೋಡಣೆ ಇನ್ನೊಂದರಂತೆ ಇರುವುದಿಲ್ಲವಾದ್ದರಿಂದ, ಯಾವ ಕಡತ ಯಾವ ಫಾಂಟಿನದು ಎಂಬ ನೆನಪು ಎಷ್ಟೋ ವೇಳೆ ಹಳೆಯ ಯಂತ್ರದಲ್ಲಿ ಮಾತ್ರ ಉಳಿದಿರುತ್ತದೆ. ಆ ನೆನಪಿಗಾಗಿ ಹಳೆಯ ವ್ಯವಸ್ಥೆಯೇ ಬೇಕು.

ಕೆಲಸದ ಕ್ರಮದಲ್ಲಿ ಮೊದಲನೆಯದೂ ಮುಖ್ಯವಾದುದೂ ಅಳಿಸುವುದಕ್ಕಿಂತ ಮುಂಚಿನ ನಕಲು. ಯಂತ್ರದ ಸಂಗ್ರಹತಟ್ಟೆಯನ್ನು ಸಾಮಾನ್ಯವಾಗಿ ‘ಸಿ’ ಮತ್ತು ‘ಡಿ’ ಎಂಬ ವಿಭಾಗಗಳಾಗಿ ಸೀಳಿರುತ್ತಾರೆ. ಕಾರ್ಯಾಚರಣ ವ್ಯವಸ್ಥೆ ‘ಸಿ’ಯಲ್ಲಿ, ಸ್ವಂತ ಕಡತಗಳು ‘ಡಿ’ಯಲ್ಲಿ ಎಂಬುದು ರೂಢಿ. ಆದರೆ ಪರದೆಯ ಮುಖಪುಟದ ಮೇಲೆ, ಎಂದರೆ ಡೆಸ್ಕ್‌ಟಾಪಿನಲ್ಲಿ, ಕಣ್ಣೆದುರಿಗೇ ಇಟ್ಟುಕೊಂಡ ಕಡತಗಳೆಲ್ಲ ವಾಸ್ತವದಲ್ಲಿ ‘ಸಿ’ಯೊಳಗೆ ಇರುವುದರಿಂದ, ಅತ್ಯಂತ ಪ್ರಿಯವಾದುದೇ ಮೊದಲು ಅಳಿದುಹೋಗುವ ಅಪಾಯವಿದೆ. ಫಾಂಟುಗಳ ಕಡತಕೋಶವೂ ‘ಸಿ’ಯಲ್ಲಿಯೇ ಇದೆ, ಅದನ್ನು ಮರೆತು ಫಾರ್ಮ್ಯಾಟ್ ಹೊಡೆದರೆ ಕಡತ ಉಳಿದರೂ ಅದರ ಕಣ್ಣು ಹೋಗುತ್ತದೆ. ಯಂತ್ರ ಏಳುವುದೇ ಇಲ್ಲವಾದರೆ, ಸಂಗ್ರಹತಟ್ಟೆಯನ್ನು ಬಿಚ್ಚಿ, 40 ಸೂಜಿಗಳ ಹಳೆಯ ಐಡಿಇ ಕೂಡಿಕೆಯನ್ನು ಯುಎಸ್‌ಬಿಗೆ ಹೊಂದಿಸುವ ತಂತಿಯ ಮೂಲಕ ಬೇರೆ ಯಂತ್ರಕ್ಕೆ ಜೋಡಿಸಿ ನಕಲಿಸಬೇಕು. ನುರಿತ ಕೈಗೂ ಅವಸರದ ಕೈಗೂ ವ್ಯತ್ಯಾಸ ಕಾಣುವುದು ಈ ಹಂತದಲ್ಲಿ.

ಆಮೇಲಿನದು ಯಂತ್ರದ ಪಾಡು. ಬೆಸುಗೆಹಲಗೆಯ, ಎಂದರೆ ಮದರ್‌ಬೋರ್ಡಿನ, ಮೇಲಿನ ಮೂರು ವೋಲ್ಟಿನ ನಾಣ್ಯಗಾತ್ರದ ಬ್ಯಾಟರಿ ಬತ್ತಿದ್ದರೆ ಗಡಿಯಾರ ಪ್ರತಿ ಬಾರಿಯೂ ಹಳೆಯ ತಾರೀಖಿಗೆ ಜಾರುತ್ತದೆ, ಅದನ್ನು ಬದಲಿಸಬೇಕು. ಬೇಸಿಗೆಯಲ್ಲಿ ಉಷ್ಣತೆ 40 ಡಿಗ್ರಿ ದಾಟುವ, ಹತ್ತಿ ಮಾರುಕಟ್ಟೆಗೆ ಹೆಸರಾದ ಜಿಲ್ಲೆಯಲ್ಲಿ ಪಂಖದ ಎಸಳುಗಳ ದೂಳು ತೆಗೆದು, ಸಂಸ್ಕಾರಕದ ಮೇಲೆ ಒಣಗಿಹೋದ ಶಾಖವಾಹಕ ಲೇಪವನ್ನು ಹೊಸದಾಗಿ ಹಚ್ಚದೆ ಮುಂದೆ ಹೋಗುವುದು ವಿವೇಕವಲ್ಲ. ಎಕ್ಸ್‌ಪಿ ಕೇಳುವುದು ಕನಿಷ್ಠ 64 ಎಂಬಿ ಸ್ಮೃತಿಯನ್ನೂ ಒಂದೂವರೆ ಜಿಬಿ ಜಾಗವನ್ನೂ ಮಾತ್ರ; 2021ರ ವಿಂಡೋಸ್ 11 ಕೇಳುವ 4 ಜಿಬಿ ಸ್ಮೃತಿ ಹಾಗೂ 64 ಜಿಬಿ ಜಾಗದೊಡನೆ ಹೋಲಿಸಿದರೆ ಅದು ಬಡವರ ಮನೆಯ ಅತಿಥಿಯಂತೆ ಇದ್ದುದರಲ್ಲಿ ತೃಪ್ತಿಪಡುವ ವ್ಯವಸ್ಥೆ.

ಸ್ಥಾಪನೆಯೇ ಸರಳ. ಸಿಡಿಯಿಂದ ಯಂತ್ರವನ್ನು ಎಬ್ಬಿಸಿ, ನೀಲಿ ಪರದೆಯಲ್ಲಿ ಒಪ್ಪಂದಕ್ಕೆ ಎಫ್8 ಒತ್ತಿ, ‘ಸಿ’ಯನ್ನು ಮಾತ್ರ ಆರಿಸಿ ಅಳಿಸಿದರೆ, ಬಣ್ಣದ ಪರದೆ ಬಂದು ಇನ್ನು ಸುಮಾರು 39 ನಿಮಿಷ ಬಾಕಿ ಎಂದು ತಿಳಿಸುತ್ತದೆ. ಎಕ್ಸ್‌ಪಿಯ ನಂತರದ ಬಗೆಯ ಸಾಟಾ ಸಂಗ್ರಹತಟ್ಟೆ ಇದ್ದರೆ ಅದನ್ನು ಹಳೆಯ ಐಡಿಇ ರೀತಿಯಲ್ಲಿ ನಡೆಯುವಂತೆ ಮೊದಲೇ ಹೊಂದಿಸಬೇಕಾಗುತ್ತದೆ. ಐದೈದರಂತೆ ಐದು ಗುಂಪಾಗಿರುವ 25 ಅಕ್ಷರಗಳ ಪರವಾನಗಿ ಸಂಖ್ಯೆಯನ್ನು ಡಬ್ಬಿಯ ಮೇಲಿನ ಚೀಟಿಯಿಂದ ನೋಡಿ ಬರೆಯಬೇಕು. ಎಷ್ಟೋ ಕಡೆ ಅದು ಬೆರಳು ತಾಕಿ ತಾಕಿ ಅಳಿಸಿಹೋಗಿರುತ್ತದೆ. ಕನ್ನಡಕ್ಕೆ ಸಂಬಂಧಿಸಿದ ಹಂತ ಇದೆಲ್ಲ ಮುಗಿದ ಮೇಲೆ ಬರುತ್ತದೆ: ಪ್ರಾದೇಶಿಕ ಭಾಷೆಗಳ ಆಯ್ಕೆಯಲ್ಲಿ ‘ಸಂಕೀರ್ಣ ಲಿಪಿ’ಗಳ ಮುಂದಿನ ಚೌಕಕ್ಕೆ ಗುರುತು ಹಾಕಿ, ಸಿಡಿಯನ್ನು ಮತ್ತೊಮ್ಮೆ ತೋರಿಸಿದರೆ ಮಾತ್ರ ಎಕ್ಸ್‌ಪಿಯಲ್ಲಿ ಯೂನಿಕೋಡ್ ಕನ್ನಡದ ಒತ್ತುಗಳು ಸರಿಯಾದ ಜಾಗಕ್ಕೆ ಇಳಿಯುತ್ತವೆ. ಈ ಒಂದು ಗುರುತನ್ನು ಹಾಕದೆ ಹೋದುದರಿಂದ, ಎಕ್ಸ್‌ಪಿಗೆ ಕನ್ನಡವೇ ಬರುವುದಿಲ್ಲವೆಂದು ನಂಬಿದವರೂ ಇದ್ದರು. ಧ್ವನಿ, ಚಿತ್ರ, ಮುದ್ರಕಗಳನ್ನು ನಡೆಸುವ ಡ್ರೈವರುಗಳ ಜೋಡಣೆ ತಾಳ್ಮೆಯ ಮಾತಷ್ಟೇ.

ಮೈಕ್ರೋಸಾಫ್ಟ್ 2014ರ ಏಪ್ರಿಲ್ 8ರಂದು ಎಕ್ಸ್‌ಪಿಗೆ, 2020ರ ಜನವರಿ 14ರಂದು ವಿಂಡೋಸ್ 7ಕ್ಕೆ, 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ತನ್ನ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿದೆ; ಎಂದರೆ ದೋಷ ಕಂಡರೆ ತಿದ್ದುಪಡಿ ಬರುವುದಿಲ್ಲ. ಆದ್ದರಿಂದ ಹೀಗೆ ಬದುಕಿಸಿದ ಯಂತ್ರವನ್ನು ಅಂತರಜಾಲಕ್ಕೆ ಜೋಡಿಸಲೇಬಾರದು, ಬ್ಯಾಂಕಿನ ಕೆಲಸಕ್ಕೆ ಬಳಸಲೇಬಾರದು. ಜಾಲವೇ ಬೇಕೆನ್ನುವವರು ಅದೇ ಡಬ್ಬಿಗೆ ಹಗುರವಾದ ಲಿನಕ್ಸ್ ಹಾಕಿಕೊಳ್ಳುವುದು ಒಳ್ಳೆಯದು. ಆದರೆ ಅಲ್ಲಿ ಹಳೆಯ ಪೇಜ್‌ಮೇಕರ್ ಕಡತಗಳು ತೆರೆಯುವುದು ಕಷ್ಟ. ಒಂಟಿಯಾಗಿ, ಮೂಲೆಯ ಮೇಜಿನ ಮೇಲೆ, ಒಂದೇ ಉದ್ದೇಶಕ್ಕೆ ಉಳಿಸಿಕೊಳ್ಳುವುದೇ ಇಂಥ ಯಂತ್ರಕ್ಕೆ ತಕ್ಕ ಬಾಳು.

ಆ ಉದ್ದೇಶಕ್ಕೂ ಕಾಲಮಿತಿಯಿದೆ. ಮನೆಯಲ್ಲಿ ಬರೆದ ಸಿಡಿಗಳ ಬಣ್ಣದ ಪದರ ಸೆಕೆಗೆ ಸವೆಯುತ್ತದೆ, 40 ಸೂಜಿಯ ಸಂಗ್ರಹತಟ್ಟೆಗಳು ಹೊಸದಾಗಿ ತಯಾರಾಗುತ್ತಿಲ್ಲ, ಬಿಡಿಭಾಗ ಹುಡುಕಿಕೊಂಡು ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಯ ಹಳೆಯ ಸಾಮಾನಿನ ಅಂಗಡಿಗಳವರೆಗೂ ಹೋಗಬೇಕಾದೀತು. ತಾಳೆಗರಿಗಳನ್ನು ಹುಡುಕಿ ಉಳಿಸಿದ ನಾಡು, ವಿಜಯದಾಸರ ಚೀಕಲಪರ್ವಿಯನ್ನೂ ಜಗನ್ನಾಥದಾಸರ ಮಾನ್ವಿಯನ್ನೂ ಹಾಡಿನಿಂದ ನೆನೆಯುವ ಸೀಮೆ, 1998ರಿಂದ ಹದಿನೈದಿಪ್ಪತ್ತು ವರ್ಷ ತನ್ನದೇ ಮನೆಗಳಲ್ಲಿ ಟೈಪಾದ ಕನ್ನಡವನ್ನು ಪರಿವರ್ತಿಸಿ ಇಡುವ ವ್ಯವಸ್ಥೆಯೊಂದನ್ನು ಜಿಲ್ಲಾ ಗ್ರಂಥಾಲಯಗಳ ಮಟ್ಟದಲ್ಲಿಯಾದರೂ ಮಾಡಿಕೊಳ್ಳುವುದು ಅಸಾಧ್ಯವೇನಲ್ಲ. ಪರಿವರ್ತಕ ತಂತ್ರಾಂಶಗಳು ಉಚಿತವಾಗಿಯೇ ದೊರೆಯುತ್ತವೆ. ಸಾಲದಿರುವುದು ಕಡತವನ್ನು ತೆರೆದು ತೋರಿಸುವ ಯಂತ್ರ, ಮತ್ತು ಪರಿವರ್ತನೆಯಲ್ಲಿ ‘ಯ’ ಹೋಗಿ ಸೊನ್ನೆ ಉಳಿದ ಕಡೆ ಅದನ್ನು ಗುರುತಿಸಬಲ್ಲ ಕಣ್ಣು.

ಅಂಥ ಕಣ್ಣುಗಳು ಇನ್ನೂ ಇವೆ. ವರ್ಷಗಟ್ಟಲೆ ‘ನುಡಿ’ಯಲ್ಲಿ ದುಡಿದ ಡಿಟಿಪಿ ಕೆಲಸಗಾರರಲ್ಲಿ ಕೆಲವರು ಫಾಂಟು ಇಲ್ಲದೆಯೂ ಆ ವಿಚಿತ್ರ ಚಿಹ್ನೆಗಳ ಸಾಲನ್ನು ನೋಡಿ, ಪೌಂಡ್ ಕಂಡಲ್ಲಿ ‘ನ’ ಎಂದೂ, ಸಣ್ಣ ‘ಕ್ಯು’ ಕಂಡಲ್ಲಿ ‘ಡ’ ಎಂದೂ ಓದುತ್ತ ಹೋಗಬಲ್ಲರು. ಯಾವ ಶಾಲೆಯೂ ಕಲಿಸದ, ಯಾರೂ ಮುಂದಿನವರಿಗೆ ಕಲಿಸಬೇಕಾಗಿ ಬರದ ಆ ಓದು ಅವರ ತಲೆಮಾರಿನೊಂದಿಗೇ ನಿಲ್ಲುತ್ತದೆ. ಅಷ್ಟರೊಳಗೆ ಮೂಲೆಯ ಮೇಜಿನ ಡಬ್ಬಿಯನ್ನು ಇನ್ನೊಮ್ಮೆ ಎಬ್ಬಿಸಿ, 39 ನಿಮಿಷ ಕಾದು, ಫಾಂಟನ್ನು ಅದರ ಜಾಗಕ್ಕೆ ಮರಳಿಸಿ, ‘ಡಿ’ಯನ್ನು ತೆರೆದರೆ, ಯಾವುದೋ ಮದುವೆಯ ಕರೆಯೋಲೆಯ ಮೇಲೆ ರಾಯಚೂರಿನ ಹನ್ನೆರಡು ಚಿಹ್ನೆಗಳು ನಾಲ್ಕು ಅಕ್ಷರಗಳಾಗಿ ಕೂಡಿಕೊಳ್ಳುತ್ತವೆ.