ನೀರು ಒಳಗೆ ಬಂದ ದಾರಿ

ಬೆಂಕಿಪೊಟ್ಟಣವನ್ನು ನೀವೆಲ್ಲ ನೋಡಿದ್ದೀರಿ. ಹೊರಗಿನ ಕವಚ ಇದ್ದಲ್ಲೇ ಇರುತ್ತದೆ, ಒಳಗಿನ ತಟ್ಟೆಯನ್ನು ಬೆರಳಿನಿಂದ ತಳ್ಳಿದರೆ ಆಚೆ ಬರುತ್ತದೆ. ಅಮೆರಿಕದ ಹೆದ್ದಾರಿಗಳಲ್ಲಿ ಓಡಾಡುವ ಗಾಲಿಮನೆಗಳಲ್ಲಿಯೂ ಇಂಥದೇ ಒಂದು ಏರ್ಪಾಡಿದೆ. ದೊಡ್ಡ ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಈ ಮನೆಗೆ ಅಲ್ಲಿಯವರು ಕ್ಯಾಂಪರ್ ಎನ್ನುತ್ತಾರೆ. ಒಳಗೆ ಹಾಸಿಗೆ, ಒಲೆ, ಬಚ್ಚಲು, ಊಟದ ಮೇಜು ಎಲ್ಲವೂ ಉಂಟು. ಆದರೆ ರಸ್ತೆಯ ನಿಯಮದಂತೆ ಗಾಡಿಯ ಅಗಲ ಎಂಟೂವರೆ ಅಡಿ ಮೀರುವಂತಿಲ್ಲ. ಅಷ್ಟರೊಳಗೆ ನಾಲ್ಕೈದು ಜನ ಕೈಕಾಲು ಚಾಚುವುದು ಕಷ್ಟ. ಅದಕ್ಕೇ ಗೋಡೆಯ ಒಂದು ಭಾಗವನ್ನು ಅದರ ನೆಲ, ಚಾವಣಿ, ಸೋಫಾ ಸಮೇತ ಬೆಂಕಿಪೊಟ್ಟಣದ ತಟ್ಟೆಯ ಹಾಗೆ ಮಾಡಿರುತ್ತಾರೆ. ತಂಗುವ ಜಾಗ ಸೇರಿದ ಮೇಲೆ ಗುಂಡಿ ಒತ್ತಿದರೆ ಮೋಟಾರು ತಿರುಗಿ ಆ ಭಾಗ ಎರಡು ಮೂರು ಅಡಿ ಆಚೆ ಸರಿಯುತ್ತದೆ. ಹೊರಡುವಾಗ ಮತ್ತೆ ಒಳಗೆ. ಇದರ ಹೆಸರು ಸ್ಲೈಡ್-ಔಟ್.

ಇಂಡಿಯಾನ ರಾಜ್ಯದ ಎಲ್ಕ್‌ಹಾರ್ಟ್ ಸುತ್ತಮುತ್ತ ಇಂಥ ಗಾಡಿಗಳ ಕಾರ್ಖಾನೆಗಳು ಹೇರಳ. ಅಲ್ಲಿ ಈ ಗಾಡಿಗಳದ್ದೇ ಒಂದು ವಸ್ತುಸಂಗ್ರಹಾಲಯವೂ ಇದೆ. ಅದೇ ಸೀಮೆಯ ನಪಾನೀ ಊರಿನ ನ್ಯೂಮಾರ್ ಕಂಪನಿ 1990ರಲ್ಲಿ ತನ್ನ ಮೋಟಾರು ಮನೆಗೆ ಸ್ಲೈಡ್-ಔಟ್ ಕೂಡಿಸಿತು. ಆಮೇಲೆ ಅದು ಎಲ್ಲ ಕಡೆ ಹರಡಿತು.

ಸೂರಿಲ್ಲದ ಮನೆ

ನಾನು ಮಲೆನಾಡಿನವನು. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಮಾಡಿನ ಸೂರು ಗೋಡೆಯಿಂದ ಎಷ್ಟೋ ಮುಂದಕ್ಕೆ ಚಾಚಿರುತ್ತದೆ. ಆಷಾಢದ ಮಳೆ ಹಗಲೂ ರಾತ್ರಿ ಹೊಡೆದರೂ ಸೂರಿನ ನೀರು ದೂರ ಬೀಳುತ್ತದೆ, ಗೋಡೆಯ ಬುಡ ಒಣಗಿಯೇ ಇರುತ್ತದೆ. ಗಾಲಿಮನೆಗೆ ಸೂರು ಇಡುವ ಹಾಗಿಲ್ಲ. ಅದು ಗಾಳಿಯನ್ನು ಸೀಳಿಕೊಂಡು ಓಡಬೇಕು. ಮಳೆನೀರು ಚಾವಣಿಯಿಂದ ನೇರವಾಗಿ ಗೋಡೆಯ ಮೇಲೇ ಇಳಿಯುತ್ತದೆ. ಅದನ್ನು ತಡೆಯಲು ಇರುವುದು ಎರಡೇ. ಸಂದುಗಳಿಗೆ ಮೆತ್ತಿದ ಸೀಲಂಟ್ ಎಂಬ ಅಂಟು, ಮತ್ತು ಸ್ಲೈಡ್-ಔಟಿನ ಸುತ್ತ ಹೊಲಿದಂತೆ ಕೂರಿಸಿದ ರಬ್ಬರ್ ಪಟ್ಟಿ. ಬಿಸಿಲಿಗೆ ಇವೆರಡೂ ಒಣಗಿ ಬಿರಿಯುತ್ತವೆ. ಓಡುವ ಗಾಡಿಯ ಕುಲುಕಾಟಕ್ಕೆ ಸಂದು ಬಿಡುತ್ತದೆ.

ನನ್ನ ಮಗ ವಾಷಿಂಗ್ಟನ್ ರಾಜ್ಯದಲ್ಲಿ, ಸಿಯಾಟಲ್ ನಗರದ ಹತ್ತಿರ ಇದ್ದಾನೆ. ಅಲ್ಲಿ ಶರತ್ಕಾಲದಿಂದ ವಸಂತದವರೆಗೂ ಜಿನುಗು ಮಳೆ. ಬೇಸಿಗೆ ಮಾತ್ರ ಸೊಗಸಾಗಿ ಒಣಗಿರುತ್ತದೆ. ಅವನು ಯಾರಿಂದಲೋ ಬಳಸಿದ ಕ್ಯಾಂಪರ್ ಒಂದನ್ನು ಕೊಂಡಿದ್ದ. ನಾವಿಬ್ಬರು ಮುದುಕರನ್ನೂ ಕರೆದುಕೊಂಡು ಬೇಸಿಗೆಯಲ್ಲಿ ಒಲಿಂಪಿಕ್ ನ್ಯಾಷನಲ್ ಪಾರ್ಕಿನ ಕಾಡು ತೋರಿಸಬೇಕೆಂದು ಅವನ ಆಸೆ. ನನ್ನಾಕೆ ಸ್ಲೈಡ್-ಔಟಿನ ಮೂಲೆಯ ಸೋಫಾದ ಮೇಲೆ ಕೂತು, "ಇಲ್ಲಿ ನೆಲ ಮೆತ್ತಗಿದೆ ಕಣೋ, ನೆನೆದ ಗೋಣಿಚೀಲದ ವಾಸನೆ" ಎಂದಳು. ಮಗ ಕಾಲಿನಿಂದ ಒತ್ತಿದ. ನೆಲ ಸ್ಪಂಜಿನಂತೆ ತಗ್ಗಿತು.

ಮುಚ್ಚುವುದೋ, ಬಿಚ್ಚುವುದೋ

ವಿನೈಲ್ ಹಾಸನ್ನು ಎತ್ತಿ ನೋಡಿದಾಗ ಬೆಳಕಿಗೆ ಬಂದ ವಿಷಯ ಬೇರೆಯೇ. ಕೊಳೆತ ಹಲಗೆಯ ಮೇಲೆ ಯಾರೋ ತೆಳುವಾದ ಹೊಸ ಹಾಳೆಯೊಂದನ್ನು ಹೊಡೆದು, ಅದರ ಮೇಲೆ ಅಂದವಾದ ಹಾಸು ಅಂಟಿಸಿದ್ದರು. ಮುಚ್ಚಿದ್ದು ಮಾರಿದವರೋ, ಅವರಿಗೂ ಮುಂಚಿನವರೋ, ಯಾರಿಗೆ ಗೊತ್ತು.

ರಿಪೇರಿ ಅಂಗಡಿಯವರು ಹೇಳಿದ ಅಂದಾಜು ಗಾಡಿಗೆ ಕೊಟ್ಟ ಬೆಲೆಯ ಅರ್ಧಕ್ಕೂ ಹೆಚ್ಚು. ಅದೂ ಬೇಸಿಗೆ ಮುಗಿದ ಮೇಲೆಯೇ ಕೆಲಸ. ಅಮೆರಿಕದಲ್ಲಿ ಸಾಮಾನಿಗಿಂತ ಕೂಲಿ ದುಬಾರಿ. ಪರಿಚಯದವರೊಬ್ಬರು ಸುಲಭದ ಉಪಾಯ ಹೇಳಿದರು: "ಮತ್ತೆ ಹಾಗೇ ಹಾಸು ಹಾಕಿ ಮಾರಿಬಿಡಿ." ಮಗ ಒಂದು ದಿನ ಅದನ್ನೇ ಯೋಚಿಸುತ್ತಿದ್ದ. ಹನ್ನೊಂದು ವರ್ಷದ ಮೊಮ್ಮಗಳು ಕೇಳಿದಳು, "ಅಪ್ಪ, ನಮ್ಮಿಂದ ಕೊಂಡವರ ಮನೆಯ ಅಜ್ಜಿ ಅದೇ ಸೋಫಾದಲ್ಲಿ ಕೂತರೆ?" ಅದಕ್ಕೆ ಯಾರ ಬಳಿಯೂ ಉತ್ತರವಿರಲಿಲ್ಲ. ಸ್ಲೈಡ್-ಔಟಿನ ಗೋಡೆಗಳು ನಿಲ್ಲುವುದೇ ನೆಲದ ಅಂಚಿಗೆ ಹೊಡೆದ ಸ್ಕ್ರೂಗಳ ಬಲದಿಂದ. ಮರ ಕೊಳೆತರೆ ಸ್ಕ್ರೂ ಹಿಡಿಯುವುದಿಲ್ಲ. ಬೂಷ್ಟು ಬೆಳೆದರೆ ಉಬ್ಬಸ ಇರುವವರಿಗೆ ಆಗದು. ಮಗ ಬಿಚ್ಚುವುದೆಂದೇ ತೀರ್ಮಾನಿಸಿದ. ಪಕ್ಕದ ಮನೆಯಲ್ಲಿದ್ದ ನಿವೃತ್ತ ಬಡಗಿಯೊಬ್ಬರು ಜೊತೆಗೆ ನಿಂತರು.

ಮೊದಲು ದಾರಿ ಹುಡುಕು

ಬಡಗಿ ಗರಗಸ ಮುಟ್ಟಲೇ ಇಲ್ಲ. "ಮೊದಲು ನೀರು ಎಲ್ಲಿಂದ ಬಂತು, ಅದು ಗೊತ್ತಾಗಲಿ" ಎಂದರು. ನನಗೆ ಬ್ಯಾಂಕಿನ ದಿನಗಳು ನೆನಪಾದವು. ಸಂಜೆ ಲೆಕ್ಕ ತಾಳೆಯಾಗದಿದ್ದರೆ ವ್ಯತ್ಯಾಸ ಕಾಣುವುದು ಕೊನೆಯ ಮೊತ್ತದಲ್ಲಿ, ಅದರ ಕಾರಣ ಇರುವುದು ಹಿಂದಿನ ಯಾವುದೋ ಪುಟದಲ್ಲಿ. ಮೊತ್ತವನ್ನು ತಿದ್ದಿದರೆ ಏನೂ ಸರಿಯಾಗುವುದಿಲ್ಲ.

ಪರೀಕ್ಷೆ ಹೀಗಿತ್ತು. ಮೊಮ್ಮಗಳು ಟಾರ್ಚ್ ಮತ್ತು ಕಾಗದದ ಕರವಸ್ತ್ರ ಹಿಡಿದು ಒಳಗೆ ಕೂತಳು. ಮಗ ಹೊರಗಿನಿಂದ ಪೈಪಿನಲ್ಲಿ ನೀರು ಬಿಟ್ಟ, ಅದೂ ಕೆಳಗಿನಿಂದ ಶುರುಮಾಡಿ ನಿಧಾನವಾಗಿ ಮೇಲಕ್ಕೆ. ಮೇಲಿನಿಂದ ಬಿಟ್ಟರೆ ನೀರು ಎಲ್ಲ ಸಂದುಗಳ ಮೇಲೂ ಹರಿಯುವುದರಿಂದ ಯಾವುದು ಸೋರುತ್ತಿದೆ ಎಂದು ತಿಳಿಯುವುದಿಲ್ಲ. ಕೆಳಗಿನ ರಬ್ಬರ್ ಪಟ್ಟಿ, ಏನಿಲ್ಲ. ಕಿಟಕಿಯ ಚೌಕಟ್ಟು, ಏನಿಲ್ಲ. ಸ್ಲೈಡ್-ಔಟಿನ ಮೇಲ್ಮೂಲೆಗೆ ನೀರು ಬಿಟ್ಟು ಐದು ನಿಮಿಷವಾದ ಮೇಲೆ ಒಳಗಿನಿಂದ ಕೂಗು: "ಅಜ್ಜ, ಒದ್ದೆ ಒದ್ದೆ!" ಮೇಲ್ಮೂಲೆಯ ಸೀಲಂಟ್‌ನಲ್ಲಿ ಉಗುರಿನ ದಪ್ಪದ ಬಿರುಕಿತ್ತು. ನೀರು ಗೋಡೆಯ ಒಳಗೊಳಗೇ ಇಳಿದು ನೆಲದ ಅಂಚಿಗೆ ತಲುಪುತ್ತಿತ್ತು. ಗಾಯ ಕೆಳಗೆ, ರೋಗ ಆರಡಿ ಮೇಲೆ.

ಅಂಚಿಗೆ ಬಂದ ನೀರು ಅಲ್ಲೇ ನಿಲ್ಲಲಿಲ್ಲವೇಕೆ ಎಂದು ಕೇಳುತ್ತೀರಾ ಮಕ್ಕಳೇ? ದೀಪದ ಬತ್ತಿ ಎಣ್ಣೆಯನ್ನು ಎಳೆದುಕೊಳ್ಳುವ ಹಾಗೆ ಮರದ ಸಣ್ಣ ಸಣ್ಣ ನಾಳಗಳು ನೀರನ್ನು ಎಳೆದುಕೊಳ್ಳುತ್ತವೆ. ಅನೇಕ ಗಾಡಿಗಳ ನೆಲಕ್ಕೆ ಓ.ಎಸ್.ಬಿ. ಎಂಬ ಹಲಗೆ ಹಾಕಿರುತ್ತಾರೆ. ಮರದ ಚಕ್ಕೆಗಳನ್ನು ಅಂಟಿನೊಡನೆ ಬಿಸಿಯಲ್ಲಿ ಒತ್ತಿ ಮಾಡುವ ಹಲಗೆ ಅದು. ಮೇಲ್ಮೈ ಗಟ್ಟಿ, ಆದರೆ ಕತ್ತರಿಸಿದ ಅಂಚು ನೀರು ಕುಡಿದರೆ ಉಬ್ಬುತ್ತದೆ. ಒಣಗಿದರೂ ಮೊದಲಿನ ದಪ್ಪಕ್ಕೆ ಇಳಿಯುವುದಿಲ್ಲ. ಮರವನ್ನು ಕೊಳೆಸುವುದು ಶಿಲೀಂಧ್ರ. ಅದಕ್ಕೆ ತೇವ ಬೇಕು. ಮರದಲ್ಲಿ ತೇವ ಶೇ. 20ಕ್ಕಿಂತ ಕಡಿಮೆ ಇದ್ದರೆ ಅದು ಬೆಳೆಯಲಾರದು.

ಒಂಬತ್ತು ದಿನದ ಕೆಲಸ

ಸ್ಲೈಡ್-ಔಟನ್ನು ಪೂರ್ತಿ ಹೊರಗೆ ಸರಿಸಿ, ಗಾಲಿಗಳಿಗೆ ಅಡ್ಡ ಕೊಟ್ಟು, ಕೆಳಗೆ ಜಾಕ್ ಮತ್ತು ಮರದ ತೊಲೆ ಇಟ್ಟು ಭಾರ ಹೊರಿಸಿದರು. ಅಕಸ್ಮಾತ್ ಯಾರಾದರೂ ಗುಂಡಿ ಒತ್ತಿದರೆಂದು ಬ್ಯಾಟರಿಯ ತಂತಿಯನ್ನೂ ಕಳಚಿದರು. ಅಷ್ಟಾಗುವವರೆಗೆ ಮೊಮ್ಮಗಳಿಗೆ ಹತ್ತಿರ ಬರಲು ಅಪ್ಪಣೆಯಿಲ್ಲ.

ಸೋಫಾ ಕಳಚಿ, ಬಡಗಿ ದಬ್ಬಣದಿಂದ ಹಲಗೆಯನ್ನು ಚುಚ್ಚುತ್ತಾ ಹೋದರು. ಸಲೀಸಾಗಿ ಇಳಿದರೆ ಕೊಳೆತದ್ದು, ತಡೆದರೆ ಗಟ್ಟಿ. ಗಟ್ಟಿ ಸಿಕ್ಕ ಜಾಗದಿಂದ ಇನ್ನೂ ಒಂದು ಗೇಣು ಆಚೆಗೆ ಗೆರೆ ಹಾಕಿ, ಮುಖಕ್ಕೆ ಮಾಸ್ಕ್ ಕಟ್ಟಿ, ಗರಗಸದ ಹಲ್ಲು ಹಲಗೆಯ ದಪ್ಪದಷ್ಟೇ ಇಳಿಯುವಂತೆ ಮಾಡಿ ಕತ್ತರಿಸಿದರು. ಕೆಳಗೆ ತಂತಿಗಳಿರಬಹುದಲ್ಲ.

ಆಮೇಲೆ ಒಣಗಿಸುವುದು. ಫ್ಯಾನು, ಜೊತೆಗೆ ಗಾಳಿಯ ತೇವ ಹೀರುವ ಬಾಡಿಗೆ ಯಂತ್ರ. ಉಳಿದ ಮರಕ್ಕೆ ಬೆಳಿಗ್ಗೆ ಸಂಜೆ ತೇವಮಾಪಕ ಚುಚ್ಚಿ ಅಂಕಿ ಓದುವುದು ಮೊಮ್ಮಗಳ ಕೆಲಸ. ನಾನು ಅವಳಿಗೆ ಪುಸ್ತಕದಲ್ಲಿ ಲೆಡ್ಜರಿನಂತೆ ಗೆರೆ ಹಾಕಿಕೊಟ್ಟೆ: ತಾರೀಖು, ಹೊತ್ತು, ಜಾಗ, ಅಂಕಿ. ಮೊದಲ ದಿನ 31. ಆಮೇಲೆ 26, 22, 18. ಎರಡು ದಿನ ಹದಿನೆಂಟರಲ್ಲೇ ನಿಂತಿತು. ಮಗನಿಗೆ ಅವಸರ. "ಕೈಗೆ ಒಣಗಿದಂತೆಯೇ ಇದೆಯಲ್ಲ ಅಪ್ಪ" ಎಂದ. ಕೈ ಹೇಳುವುದು ಮೇಲ್ಮೈಯ ಮಾತು. ಮೊಮ್ಮಗಳು ಪುಸ್ತಕ ಮುಂದೆ ಹಿಡಿದಳು. ಏಳನೆಯ ದಿನ 13 ಬಂದ ಮೇಲೆಯೇ ಹೊಸ ಹಲಗೆ ಒಳಗೆ ಬಂತು.

ಹೊಸದು ಮುಕ್ಕಾಲು ಇಂಚಿನ ಪ್ಲೈವುಡ್, ನೀರಿಗೆ ಬಿಡದ ಅಂಟಿನಿಂದ ಮಾಡಿದ್ದು. ಪ್ಲೈವುಡ್ಡಿನಲ್ಲಿ ಒಂದು ಪದರದ ನಾರು ಉದ್ದಕ್ಕಿದ್ದರೆ ಮುಂದಿನದು ಅಡ್ಡಕ್ಕೆ. ಅದರಿಂದಲೇ ಅದಕ್ಕೆ ಬಲ. ಅದರ ನಾಲ್ಕೂ ಅಂಚಿಗೆ ಮತ್ತು ಅಡಿಗೆ ಎರಡು ಸಲ ಎಪಾಕ್ಸಿ ಬಳಿದರು. ನೀರು ಕುಡಿಯುವುದು ಅಂಚು ತಾನೇ, ಅದರ ಬಾಯಿ ಮೊದಲು ಮುಚ್ಚಬೇಕು.

ಹಳೆಯ ಹಲಗೆಗೂ ಹೊಸದಕ್ಕೂ ಬೆಸುಗೆ ಹಾಕುವಾಗ ಸಾಮಾನ್ಯವಾಗಿ ಅಡಿಗೆ ಒಂದು ಪಟ್ಟಿ ಕೊಡುತ್ತಾರೆ. ಇಲ್ಲಿ ಅದು ಸಾಧ್ಯವಿರಲಿಲ್ಲ. ಸ್ಲೈಡ್-ಔಟಿನ ನೆಲ ಉರುಳೆಗಳ ಮೇಲೆ ಸರಿಯುತ್ತದೆ, ಅಡಿಯಲ್ಲಿ ಉಬ್ಬು ಇದ್ದರೆ ಸಿಕ್ಕಿಕೊಳ್ಳುತ್ತದೆ. ಬಡಗಿ ಎರಡೂ ಹಲಗೆಗಳ ಅಂಚನ್ನು ಅರ್ಧರ್ಧ ದಪ್ಪಕ್ಕೆ ಕೆತ್ತಿ, ಮೆಟ್ಟಿಲಿನಂತೆ ಒಂದರ ಮೇಲೊಂದು ಕೂರಿಸಿ, ಅಂಟು ಹಾಕಿ, ತುಕ್ಕು ಹಿಡಿಯದ ಸ್ಕ್ರೂ ಬಿಗಿದರು. ಮೇಲೆ ಕೈಯಾಡಿಸಿದರೂ ಸಂದು ತಿಳಿಯಲಿಲ್ಲ. ಕೊನೆಗೆ ಅಡಿಯ ಪ್ಲಾಸ್ಟಿಕ್ ಹೊದಿಕೆ ಹರಿದಲ್ಲಿ ತೇಪೆ, ಅಂಚಿಗೆ ಲೋಹದ ಪಟ್ಟಿ.

ಮೇಲ್ಮೂಲೆಯಲ್ಲಿ ಹಳೆಯ ಸೀಲಂಟ್ ಮೇಲೆಯೇ ಹೊಸದು ಮೆತ್ತಲಿಲ್ಲ. ಹಳೆಯದನ್ನು ಪೂರ್ತಿ ಕೆರೆದು, ಒರೆಸಿ, ಒಣಗಿಸಿ ಆಮೇಲೆ ಹಾಕಿದರು. ಸೀಲಂಟ್ ಗಟ್ಟಿಯಾದ ಮೇಲೆ ಮತ್ತೆ ಪೈಪು, ಟಾರ್ಚು, ಕಾಗದ. ಅರ್ಧ ಗಂಟೆ ನೀರು ಬಿಟ್ಟರೂ ಕಾಗದ ಒಣಗಿಯೇ ಇತ್ತು. ಒಟ್ಟು ಒಂಬತ್ತು ದಿನ. ಮರ, ಎಪಾಕ್ಸಿ, ಸೀಲಂಟ್, ಸ್ಕ್ರೂ, ಯಂತ್ರದ ಬಾಡಿಗೆ ಎಲ್ಲ ಸೇರಿಸಿ ನಾನು ಲೆಕ್ಕ ಬರೆದೆ. ಅಂಗಡಿಯವರು ಹೇಳಿದ್ದರ ಹತ್ತನೆಯ ಒಂದು ಭಾಗವಾಗಿತ್ತು. ಬಡಗಿಯವರ ಕೂಲಿ ಅದರಲ್ಲಿಲ್ಲ. ಅವರು ನನ್ನಾಕೆ ಮಾಡಿದ ಬಿಸಿಬೇಳೆಭಾತ್ ಬಿಟ್ಟು ಬೇರೇನನ್ನೂ ತೆಗೆದುಕೊಳ್ಳಲಿಲ್ಲ. ಆಗಸ್ಟಿನಲ್ಲಿ ನಾವು ಕಾಡಿಗೆ ಹೋಗಿ ಬಂದೆವು.

ನೋಡಿಕೊಳ್ಳುವ ರೀತಿ

ಮಕ್ಕಳನ್ನು ನೋಡಲು ಅಮೆರಿಕಕ್ಕೆ ಹೋಗುವ ಅಜ್ಜ ಅಜ್ಜಿಯರು ಈಗ ಬಹಳ. ಅಲ್ಲಿ ಕ್ಯಾಂಪರ್ ಕೊಳ್ಳುವ ಮಾತು ಬಂದರೆ ನಿಮಗೂ ಹೇಳಲು ನಾಲ್ಕು ಮಾತಿರಲಿ. ಕಿಟಕಿ ಬಾಗಿಲು ಮುಚ್ಚಿಟ್ಟ ಗಾಡಿಯೊಳಗೆ ಮೊದಲು ಮೂಗಿನಿಂದ ಪರೀಕ್ಷೆ ಮಾಡಿ. ಸ್ಲೈಡ್-ಔಟಿನ ಮೂಲೆಗಳನ್ನು ಕಾಲಿನಿಂದ ಒತ್ತಿ ನೋಡಿ. ಒಂದೇ ಮೂಲೆಯಲ್ಲಿ ಮಾತ್ರ ಹಾಸು ಹೊಸದಾಗಿದ್ದರೆ ಏಕೆಂದು ಕೇಳಿ. ಹೊರಗಿನ ಮೂಲೆಗಳ ಸೀಲಂಟ್ ಬಿರಿದಿದೆಯೇ, ರಬ್ಬರ್ ಪಟ್ಟಿ ಹರಿದಿದೆಯೇ ನೋಡಿ. ಸ್ವಂತ ಗಾಡಿಯಾದರೆ ಮಳೆಗಾಲದ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಈ ತಪಾಸಣೆ ಆಗಲಿ. ಸ್ಲೈಡ್-ಔಟಿನ ಚಾವಣಿಯ ಮೇಲೆ ನಿಂತ ನೀರನ್ನೂ ಕಸವನ್ನೂ ಗುಡಿಸದೆ ಒಳಗೆ ಎಳೆಯಬಾರದು.

ಗಾಲಿಮನೆ ಇಲ್ಲದವರಿಗೂ ಇದರಲ್ಲಿ ಕೆಲಸವಿದೆ. ನಮ್ಮ ಅಡುಗೆಮನೆಯ ಸಿಂಕಿನ ಕೆಳಗಿನ ಕಪಾಟು ಇಂಥ ಒತ್ತಿದ ಹಲಗೆಯದೇ ಆಗಿದ್ದರೆ ಅದೂ ಅಂಚಿನಿಂದಲೇ ಉಬ್ಬುತ್ತದೆ. ಬಚ್ಚಲಿನ ಬಾಗಿಲ ಚೌಕಟ್ಟು ಬುಡದಿಂದಲೇ ಕೊಳೆಯುತ್ತದೆ. ಈ ಭಾನುವಾರ ಮನೆಯ ಮಕ್ಕಳ ಕೈಗೆ ಒಂದು ಟಾರ್ಚ್ ಕೊಟ್ಟು, ಕಪಾಟಿನೊಳಗಿನ ಡಬ್ಬಗಳನ್ನೆಲ್ಲ ಈಚೆ ತೆಗೆಸಿ, ಮೂಲೆಗಳನ್ನು ಬೆರಳಿನಿಂದ ಒತ್ತಿಸಿ ನೋಡಿ. ಬಗ್ಗಲು ಅವರಿಗೆ ಸಲೀಸು. ಎಲ್ಲಿ ಒದ್ದೆ ಎಂದು ಕೇಳಿ ತಾರೀಖು ಸಮೇತ ಬರೆದಿಡುವ ಕೆಲಸ ನಮ್ಮಂಥವರಿಗಿರಲಿ.