ಟ್ರ್ಯಾಕ್ಟರಿನ ಕಸುವು ಒಮ್ಮೆಲೆ ಕುಂದಿದರೆ ಏನು ನೋಡಬೇಕು?

ಎರಡು ವರ್ಷದ ಹಿಂದಿನ ಮಾತು. ಹಸ್ತ ಮಳೆ ಚೆನ್ನಾಗಿ ಸುರಿದು, ಎರೆ ಹೊಲ ಕಾಲಿಡುವಷ್ಟು ಆರಿ, ಹಿಂಗಾರಿ ಜೋಳ ಬಿತ್ತುವುದಕ್ಕೆ ಹೇಳಿಸಿದಂತಹ ಹದ ಬಂದಿತ್ತು. ಬೀಜ, ಕೂರಿಗೆ, ಆಳು ಎಲ್ಲವೂ ಸಿದ್ಧವಿದ್ದವು. ನಮ್ಮ ಟ್ರ್ಯಾಕ್ಟರು ಮುಂಜಾನೆ ಅರ್ಧ ತಾಸು ನೆಟ್ಟಗೆ ನಡೆದು, ಆಮೇಲೆ ದಮ್ಮು ಹತ್ತಿದ ಮುದಿ ಎತ್ತಿನಂತೆ ತಡವರಿಸಿ ನಿಂತುಬಿಟ್ಟಿತು. ಸ್ವಲ್ಪ ಹೊತ್ತು ಬಿಟ್ಟು ಚಾಲೂ ಮಾಡಿದರೆ ಏನೂ ಆಗಿಲ್ಲವೆಂಬಂತೆ ಓಡಿತು. ಮತ್ತೆ ಅರ್ಧ ತಾಸಿಗೆ ಅದೇ ಹಾಡು.

ಪೇಟೆಯಿಂದ ಮಿಸ್ತ್ರಿಯನ್ನು ಕರೆಸಿದೆವು. ಅವನು ಡೀಸೆಲ್ ಫಿಲ್ಟರುಗಳನ್ನು ಬದಲಿಸಿದ, ಗುಣ ಕಾಣಲಿಲ್ಲ. ಪಂಪು ಬಿಚ್ಚಿ ದುರಸ್ತಿಗೆ ಕಳಿಸಬೇಕು, ನಾಲ್ಕು ದಿನ ಹಿಡಿಯುತ್ತದೆ ಎಂದ. ಎರಡು ದಿನ ಆಗಲೇ ಕಳೆದಿದ್ದವು, ಹೊಲದ ಮೇಲ್ಪದರು ಬಿಳಿಚುತ್ತಿತ್ತು. ಆಗ ಹಿಂದೆ ಬಾವಿಯ ಮೇಲಿನ ಎಣ್ಣೆ ಎಂಜಿನ್ ನೋಡಿಕೊಳ್ಳುತ್ತಿದ್ದ ನಮ್ಮೂರ ಹಿರಿಯರೊಬ್ಬರು ಬಂದು ಟಾಕಿಯ ಬಾಯಿ ನೋಡಿದರು. ಅದರ ಮುಚ್ಚಳ ಕಳೆದುಹೋಗಿತ್ತೆಂದು, ಮಳೆಯ ನೀರು ಹೋಗಬಾರದೆಂದು, ನಮ್ಮ ಹುಡುಗರು ಪ್ಲಾಸ್ಟಿಕ್ ಹಾಳೆ ಮುಚ್ಚಿ ರಬ್ಬರಿನ ಪಟ್ಟಿಯಿಂದ ಬಿಗಿಯಾಗಿ ಕಟ್ಟಿದ್ದರು. ಆ ಹಾಳೆ ಬಟ್ಟಲಿನಂತೆ ಒಳಕ್ಕೆ ಜಗ್ಗಿಕೊಂಡಿತ್ತು. ಹಿರಿಯರು ಪಟ್ಟಿ ಬಿಚ್ಚಿದೊಡನೆ ಸುಂಯ್ ಎಂದು ಗಾಳಿ ಒಳಗೆ ನುಗ್ಗಿತು. ಆ ದಿನ ಸಂಜೆಯವರೆಗೆ ಟ್ರ್ಯಾಕ್ಟರು ನಿಲ್ಲಲಿಲ್ಲ.

ಕಾರಣ ಸರಳವಾದದ್ದು. ಟಾಕಿಯೊಳಗಿನ ಡೀಸೆಲ್ ಖರ್ಚಾದಂತೆಲ್ಲ ಅದರ ಜಾಗಕ್ಕೆ ಹೊರಗಿನ ಗಾಳಿ ಬರಲೇಬೇಕು. ಅದಕ್ಕಾಗಿಯೇ ಮುಚ್ಚಳದಲ್ಲಿ ಚಿಕ್ಕದೊಂದು ರಂಧ್ರವಿರುತ್ತದೆ. ಅದು ಮುಚ್ಚಿದರೆ ಟಾಕಿ ತನ್ನ ಎಣ್ಣೆಯನ್ನು ತಾನೇ ಹಿಂದಕ್ಕೆ ಹಿಡಿದುಕೊಳ್ಳುತ್ತದೆ. ಎಂಜಿನ್ ನಿಂತಾಗ ಸಂದುಗಳಿಂದ ಮೆಲ್ಲಗೆ ಗಾಳಿ ನುಸುಳುತ್ತದೆ. ಆದ್ದರಿಂದಲೇ ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಓಡುತ್ತದೆ. ಒಂದು ಹಾಳೆಗಾಗಿ ಎರಡು ದಿನದ ಹದ ಕಳೆದುಕೊಂಡೆವು. ಕೊನೆಗೆ ಬಿತ್ತಿದ ಎರಡು ಎಕರೆಯಲ್ಲಿ ಪೈರು ಪಾತಳವಾಗಿ ಎದ್ದಿತು. ಇನ್ನೊಬ್ಬರಿಗೆ ಹೀಗಾಗಬಾರದೆಂದು ಈ ಲೇಖನ ಬರೆಯುತ್ತಿದ್ದೇವೆ. ಟ್ರ್ಯಾಕ್ಟರಿನ ಸಂಗಡ ಬರುವ ಪುಸ್ತಕ ನಮ್ಮ ಭಾಗದಲ್ಲಿ ಮರಾಠಿಯಲ್ಲೋ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಇರುತ್ತದೆ. ಕನ್ನಡ ಶಾಲೆಯಲ್ಲಿ ಕಲಿತವರು ಅದನ್ನು ಪೆಟ್ಟಿಗೆಗೆ ಹಾಕಿ ಮರೆಯುತ್ತಾರೆ. ಅದರಲ್ಲಿರುವ ಮುಖ್ಯ ಸಂಗತಿಗಳನ್ನಾದರೂ ನಮ್ಮ ಮಾತಿನಲ್ಲಿ ತಿಳಿದಿರುವುದು ಒಳ್ಳೆಯದು.

ಎಂಜಿನ್ನಿಗೆ ಬೇಕಾದದ್ದೇನು?

ಜರ್ಮನಿಯ ರುಡಾಲ್ಫ್ ಡೀಸೆಲ್ ಎಂಬವನು 1897ರಲ್ಲಿ ಯಶಸ್ವಿಯಾಗಿ ನಡೆಸಿ ತೋರಿಸಿದ ಎಂಜಿನ್ನಿನ ವಂಶದ್ದೇ ನಮ್ಮ ಟ್ರ್ಯಾಕ್ಟರಿನ ಎಂಜಿನ್. ಇದರಲ್ಲಿ ಬೆಂಕಿಯ ಕಿಡಿ ಹೊತ್ತಿಸುವ ಪ್ಲಗ್ ಇಲ್ಲ. ಒಳಗೆ ಎಳೆದುಕೊಂಡ ಗಾಳಿಯನ್ನು ಹದಿನಾರು ಹದಿನೆಂಟು ಪಟ್ಟು ಅದುಮಿದಾಗ ಅದು ಕೆಂಡದಂತೆ ಕಾಯುತ್ತದೆ. ಆ ಕಾದ ಗಾಳಿಗೆ ಡೀಸೆಲನ್ನು ಮಂಜಿನಂತೆ ಸಿಂಪಡಿಸಿದೊಡನೆ ತಾನೇ ಉರಿಯುತ್ತದೆ. ಆದ್ದರಿಂದ ಇದಕ್ಕೆ ಬೇಕಾದವು ಮೂರೇ: ಸ್ವಚ್ಛವಾದ ಡೀಸೆಲ್, ಸಾಕಷ್ಟು ಗಾಳಿ, ಸರಿಯಾದ ಅದುಮುವಿಕೆ. ಜೊತೆಗೆ ಹೊಗೆ ಹೊರಹೋಗಲು ದಾರಿ ಬೇಕು, ಮೈ ತಣ್ಣಗಿರಲು ನೀರು ಬೇಕು.

ಗಾಳಿ ಎಷ್ಟು ಬೇಕೆಂಬುದನ್ನು ನಮ್ಮಲ್ಲಿ ಅನೇಕರು ಊಹಿಸಿರಲಾರರು. ಒಂದು ಲೀಟರ್ ಡೀಸೆಲ್ ಪೂರ್ತಿ ಉರಿಯಬೇಕಾದರೆ ಸುಮಾರು 10,000 ಲೀಟರ್ ಗಾಳಿ ಬೇಕು. ಎಣ್ಣೆಯ ಲೆಕ್ಕವಿಡುವ ನಾವು ಗಾಳಿಯನ್ನು ಮರೆಯುತ್ತೇವೆ.

ಇನ್ನೊಂದು ಮಾತನ್ನು ಮನಸ್ಸಿನಲ್ಲಿಡಬೇಕು. ಅದುಮುವಿಕೆ ಕಡಿಮೆಯಾಗುವುದು ಸಾಮಾನ್ಯವಾಗಿ ಒಳಗಿನ ಸವೆತದಿಂದ, ಮತ್ತು ಸವೆತ ಒಂದು ದಿನದಲ್ಲಿ ಆಗುವುದಿಲ್ಲ. ನಿನ್ನೆ ಚೆನ್ನಾಗಿ ಎಳೆದ ಯಂತ್ರ ಇಂದು ಒಮ್ಮೆಲೆ ಸೋತರೆ ಹೆಚ್ಚಾಗಿ ಏನೋ ಮುಚ್ಚಿದೆ, ಕಳಚಿದೆ, ಇಲ್ಲವೆ ಸೋರುತ್ತಿದೆ. ಇಂಥವನ್ನು ಬಹುಮಟ್ಟಿಗೆ ಕಣ್ಣಿನಿಂದಲೇ ಕಂಡುಹಿಡಿಯಬಹುದು.

ಮೊದಲು ಜೀವ, ಆಮೇಲೆ ಯಂತ್ರ

ಕಬ್ಬಿನ ಟ್ರಾಲಿ ಕಟ್ಟಿಕೊಂಡು ದಿಬ್ಬ ಏರುವಾಗ ಕಸುವು ಹೋದರೆ ಗಾಬರಿಯಿಂದ ಕ್ಲಚ್ ಒತ್ತಿ ಹಿಂದಕ್ಕೆ ಉರುಳಲು ಬಿಡಬಾರದು. ರಸ್ತೆಯ ಮೇಲೆ ಎರಡೂ ಬ್ರೇಕುಗಳನ್ನು ಕೂಡಿಸುವ ಕೊಂಡಿ ಯಾವಾಗಲೂ ಹಾಕಿರಬೇಕು. ಬ್ರೇಕು ಹಿಡಿದು ನಿಲ್ಲಿಸಿ, ಕೈಬ್ರೇಕು ಹಾಕಿ, ಎಂಜಿನ್ ಆರಿಸಿ, ಕೆಳಗಿನ ಗೇರಿನಲ್ಲಿ ಬಿಡಬೇಕು. ಟ್ರ್ಯಾಕ್ಟರಿಗೂ ಟ್ರಾಲಿಗೂ ಇಳಿಜಾರಿನ ಕಡೆಯಿಂದ ಗಾಲಿಗೆ ದೊಡ್ಡ ಕಲ್ಲು ಕೊಟ್ಟ ಹೊರತು ಯಾರೂ ಕೆಳಗೆ ಬಗ್ಗಬಾರದು.

ಆಯಿಲ್ ಒತ್ತಡದ ಕೆಂಪು ದೀಪ ಹತ್ತಿದ್ದರೆ, ಇಲ್ಲವೆ ಕಾವಿನ ಮುಳ್ಳು ಕೆಂಪಿಗೆ ಹೋಗಿದ್ದರೆ ಇನ್ನೊಂದು ಸಾಲು ಮುಗಿಸೋಣವೆಂಬ ಆಸೆ ಬೇಡ. ಆ ಒಂದು ಸಾಲು ಎಂಜಿನ್ನನ್ನೇ ನುಂಗೀತು.

ಕಿವಿಗೊಟ್ಟು ಕೇಳಿರಿ, ಹೊಗೆ ನೋಡಿರಿ

ಎಂಜಿನ್ ಜೋರಾಗಿ ತಿರುಗುತ್ತಿದೆ, ಆದರೆ ಬಂಡಿ ಮುಂದೆ ಹೋಗುತ್ತಿಲ್ಲವೆಂದರೆ ತಪ್ಪು ಎಂಜಿನ್ನಿನದಲ್ಲ. ಕ್ಲಚ್ ಜಾರುತ್ತಿದೆ, ಸುಟ್ಟ ವಾಸನೆಯೂ ಬಂದೀತು. ಎಂಜಿನ್ನಿನ ಸದ್ದೇ ಕುಗ್ಗಿದ್ದರೆ ಮೊದಲು ಕೈಬ್ರೇಕು ಬಿಟ್ಟಿದೆಯೆ, ಬ್ರೇಕು ಹಿಡಿದುಕೊಂಡು ಗಾಲಿಯ ಕಡೆ ಬಿಸಿಯಾಗಿದೆಯೆ ನೋಡಬೇಕು. ಆಮೇಲೆ ವೇಗದ ಸನ್ನೆಯಿಂದ ಪಂಪಿಗೆ ಹೋಗುವ ಕಂಬಿ ಸಡಿಲಾಗಿದೆಯೆ ನೋಡಬೇಕು. ಇವು ಯಾವುವೂ ಅಲ್ಲವಾದರೆ ಹೊಗೆಯೇ ಸಾಕ್ಷಿ ಹೇಳುತ್ತದೆ.

ಹೊಗೆ ಕಪ್ಪಾಗಿದ್ದರೆ ಎಣ್ಣೆ ಇದೆ, ಗಾಳಿ ಸಾಲದು. ಅಥವಾ ಯಂತ್ರಕ್ಕೆ ಮೀರಿದ ಭಾರ ಹಾಕಿದ್ದೇವೆ. ಹೊಗೆ ಹೆಚ್ಚಿಲ್ಲದೆ ಎಂಜಿನ್ ಏರಿಳಿಯುತ್ತ, ಉಸಿರು ಹಿಡಿದಂತೆ ಸೋಲುತ್ತಿದ್ದರೆ ಎಣ್ಣೆಯೇ ತಲುಪುತ್ತಿಲ್ಲ. ಎಂಜಿನ್ ಕಾದ ಮೇಲೂ ಹೊಗೆ ಬೆಳ್ಳಗಿದ್ದರೆ ಡೀಸೆಲ್ ಉರಿಯದೆ ಹೊರಬರುತ್ತಿದೆ, ಇಲ್ಲವೆ ನೀರು ಸೇರಿದೆ. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಸುಡುತ್ತಿದೆ. ಇದು ಬಹುತೇಕ ಹಳೆಯ ರೋಗ.

ಎಣ್ಣೆಯ ದಾರಿ

ಟಾಕಿಯಿಂದ ಹೊರಟು ಎಣ್ಣೆ ಹೋಗುವ ದಾರಿಯಲ್ಲಿಯೇ ಒಂದೊಂದಾಗಿ ನೋಡುತ್ತ ಹೋಗಬೇಕು. ನಡುವಿನಿಂದ ಶುರು ಮಾಡಬಾರದು.

ಟಾಕಿಯಲ್ಲಿ ಡೀಸೆಲ್ ಇದೆಯೆ? ಮುಳ್ಳನ್ನು ನಂಬದೆ ಕಣ್ಣಿನಿಂದ ನೋಡಿರಿ. ದಿಬ್ಬದಲ್ಲಿ ಅಡಿಯ ಎಣ್ಣೆ ಒಂದು ಬದಿಗೆ ಸರಿದು ಕೊಳವೆಗೆ ಸಿಗದೆ ಹೋದೀತು. ಟಾಕಿಯ ಕೆಳಗಿನ ನಳ ಪೂರ್ತಿ ತೆರೆದಿದೆಯೆ? ಮುಚ್ಚಳದ ರಂಧ್ರ ಮಣ್ಣಿನಿಂದ ಮುಚ್ಚಿದೆಯೆ? ಮುಚ್ಚಳ ಸಡಿಲಿಸಿದೊಡನೆ ಗಾಳಿ ಎಳೆದ ಸದ್ದಾಗಿ ಕಸುವು ಮರಳಿದರೆ ರೋಗ ಸಿಕ್ಕಿತು.

ಮುಂದೆ ಗಾಜಿನ ಬಟ್ಟಲು ಇದ್ದರೆ ಅದನ್ನು ನೋಡಿರಿ. ನೀರು ಡೀಸೆಲಿಗಿಂತ ಭಾರ. ಅಡಿಯಲ್ಲಿ ಬೇರೆಯಾಗಿ ನಿಂತಿರುತ್ತದೆ. ಬಟ್ಟಲು ಬಿಚ್ಚಿ ಚೆಲ್ಲಿ, ತೊಳೆದು ಕೂಡಿಸಬೇಕು. ಒರೆಸಲು ಎಳೆ ಬಿಡುವ ಹತ್ತಿಯ ಅರಿವೆ ಬಳಸಬಾರದು. ಆ ಎಳೆಯೇ ಮುಂದೆ ಹೋಗಿ ಜಾಳಿಗೆ ಕೂಡುತ್ತದೆ. ಫಿಲ್ಟರು ಬದಲಿಸಿ ಬಹಳ ದಿನವಾಗಿದ್ದರೆ ಅದೇ ಕಟ್ಟಿರಬಹುದು. ಕಟ್ಟಿದ ಫಿಲ್ಟರಿನ ಗುರುತೇನೆಂದರೆ, ಖಾಲಿ ಇದ್ದಾಗ ಎಂಜಿನ್ ಚೆನ್ನಾಗಿ ಓಡಿ, ಭಾರ ಬಿದ್ದೊಡನೆ ಸೋಲುತ್ತದೆ.

ಇಷ್ಟಾದರೂ ಸರಿಹೋಗದಿದ್ದರೆ ಕೊಳವೆಯಲ್ಲಿ ಗಾಳಿ ಸೇರಿದೆಯೆಂದು ಸಂಶಯಪಡಬೇಕು. ಟಾಕಿ ಒಮ್ಮೆ ಪೂರ್ತಿ ಬರಿದಾದರೂ, ಪಂಪಿನ ಹಿಂದಿನ ಕೊಳವೆಯ ಸಂದು ಸಡಿಲಾದರೂ ಗಾಳಿ ಸೇರುತ್ತದೆ. ಹಳೆಯ ಮಾದರಿಯ ಟ್ರ್ಯಾಕ್ಟರಿನಲ್ಲಿ ಇದನ್ನು ನಾವೇ ತೆಗೆಯಬಹುದು. ಎಂಜಿನ್ ಆರಿಸಿ, ಫಿಲ್ಟರಿನ ತಲೆಯ ಮೇಲಿನ ಗಾಳಿ ಬಿಡುವ ಸ್ಕ್ರೂವನ್ನು ಎರಡು ಸುತ್ತು ಸಡಿಲಿಸಿ, ಎಣ್ಣೆ ಎತ್ತುವ ಚಿಕ್ಕ ಪಂಪಿನ ಕೈಸನ್ನೆಯನ್ನು ಒತ್ತುತ್ತಿರಬೇಕು. ಮೊದಲು ನೊರೆ, ಗುಳ್ಳೆ ಬರುತ್ತವೆ. ಗುಳ್ಳೆಯಿಲ್ಲದ ಎಣ್ಣೆ ಬಂದಾಗ, ಒತ್ತುತ್ತಿರುವಾಗಲೇ ಸ್ಕ್ರೂ ಬಿಗಿಯಬೇಕು. ಆಮೇಲೆ ದೊಡ್ಡ ಪಂಪಿನ ಮೇಲಿನ ಸ್ಕ್ರೂವಿನಲ್ಲಿ ಹೀಗೆಯೇ ಮಾಡಬೇಕು. ಕೈಸನ್ನೆಗೆ ಒತ್ತೇ ಸಿಗದಿದ್ದರೆ ಎಂಜಿನ್ನನ್ನು ತುಸು ತಿರುಗಿಸಿ ನೋಡಿರಿ. ಗಾಳಿ ಮರುದಿನ ಮತ್ತೆ ಸೇರಿದರೆ ಎಲ್ಲೋ ಸಂದು ಎಳೆಯುತ್ತಿದೆ; ವಾಷರು ಬದಲಿಸಬೇಕು.

ಇಲ್ಲೊಂದು ಕಟ್ಟೆಚ್ಚರ. ಎಂಜಿನ್ ತಿರುಗುವಾಗ ಪಂಪಿನಿಂದ ಮುಂದಿನ ಸಣ್ಣ ಉಕ್ಕಿನ ಕೊಳವೆಗಳ ಹತ್ತಿರ, ಸಿಂಪಡಿಸುವ ಬಾಯಿಯ ಹತ್ತಿರ ಕೈ ತರಬಾರದು. ಅಲ್ಲಿಂದ ಚಿಮ್ಮುವ ಎಣ್ಣೆ ಸೂಜಿಯಂತೆ ಚರ್ಮ ತೂರಿ ಒಳಗೆ ಸೇರುತ್ತದೆ. ಗಾಯ ಸಾಸಿವೆಯಷ್ಟೇ ಕಂಡರೂ ಒಳಗೆ ಮಾಂಸ ಕೊಳೆತು ಬೆರಳು ಕಳೆದುಕೊಳ್ಳುವ ಪ್ರಸಂಗ ಬರಬಹುದು. ತಡಮಾಡದೆ ಆಸ್ಪತ್ರೆಗೆ ಹೋಗಿ ಡೀಸೆಲ್ ಚುಚ್ಚಿದೆಯೆಂದೇ ಹೇಳಬೇಕು. 2023ರ ಜನವರಿಯಿಂದ 50 ಅಶ್ವಶಕ್ತಿಗೆ ಮೀರಿದ ಹೊಸ ಟ್ರ್ಯಾಕ್ಟರುಗಳಿಗೆ ಹೊಗೆಯ ನಿಯಮ ಬಿಗಿಯಾದ ಮೇಲೆ ವಿದ್ಯುತ್ತಿನ ಹಿಡಿತದಲ್ಲಿ ಬಹು ಒತ್ತಡದಿಂದ ಎಣ್ಣೆ ಹಾಯಿಸುವ ಏರ್ಪಾಡು ಬಂದಿದೆ. ಅಂಥವುಗಳಲ್ಲಿ ಫಲಕದ ದೀಪ ಏನು ತೋರಿಸುತ್ತದೆಂದು ಗುರುತಿಟ್ಟುಕೊಳ್ಳಿರಿ. ಒತ್ತಡದ ಕೊಳವೆಗೆ ಪಾನಾ ಹಚ್ಚಬೇಡಿರಿ.

ಗಾಳಿಯ ದಾರಿ

ಜೋಳದ ರಾಶಿ ಮಾಡುವಾಗ, ಒಣ ಹೊಲ ಹರಗುವಾಗ ನಮ್ಮ ಎರೆಮಣ್ಣಿನ ಧೂಳು ಎಷ್ಟೆಂಬುದು ಎಲ್ಲರಿಗೂ ಗೊತ್ತು. ಕಪ್ಪು ಹೊಗೆ ಕಂಡರೆ ಮೊದಲು ಗಾಳಿ ಸೋಸುವ ಡಬ್ಬಿ ಬಿಚ್ಚಿ ನೋಡಬೇಕು. ಆಯಿಲ್ ತುಂಬುವ ಡಬ್ಬಿಯಾದರೆ ಕೆಸರಾದ ಆಯಿಲ್ ಚೆಲ್ಲಿ, ಜಾಳಿ ತೊಳೆದು, ಹೊಸ ಆಯಿಲನ್ನು ಗೆರೆಯವರೆಗೆ ಮಾತ್ರ ಹಾಕಬೇಕು. ಹೆಚ್ಚಾದರೆ ಎಂಜಿನ್ ಆ ಆಯಿಲನ್ನೇ ಎಳೆದು ಹಿಡಿತ ತಪ್ಪಿ ಓಡೀತು. ಕಾಗದದ ಫಿಲ್ಟರಾದರೆ ಮೆಲ್ಲಗೆ ತಟ್ಟಿ, ಹಗುರಾದ ಗಾಳಿಯನ್ನು ಒಳಗಿನಿಂದ ಹೊರಕ್ಕೆ ಊದಬೇಕು, ಹರಿದಿದ್ದರೆ ಬದಲಿಸಬೇಕು. ಡಬ್ಬಿ ತೆಗೆದು ಹಾಗೆಯೇ ಓಡಿಸುವ ಕೆಲವರ ಚಾಳಿ ಬಹಳ ಕೆಟ್ಟದ್ದು. ಆ ದಿನ ಕಸುವು ಬಂದಂತೆ ಕಾಣುತ್ತದೆ. ಆದರೆ ಒಳಹೋದ ಮಣ್ಣು ಸಾಣೆಯ ಕಲ್ಲಿನಂತೆ ಸಿಲಿಂಡರನ್ನು ತಿಕ್ಕಿ, ವರುಷಗಳ ಸವೆತವನ್ನು ಕೆಲವು ದಿನಗಳಲ್ಲಿ ಮುಗಿಸುತ್ತದೆ.

ಟರ್ಬೊ ಇರುವ ಎಂಜಿನ್ನಿನಲ್ಲಿ ಫಟ್ಟೆಂದು ಸದ್ದಾಗಿ ಕಸುವು ಹೋಗಿ, ಕಪ್ಪು ಹೊಗೆಯೂ ಸಿಳ್ಳೂ ಬಂದರೆ ಗಾಳಿಯ ರಬ್ಬರ್ ಕೊಳವೆ ಕಳಚಿದೆ ಅಥವಾ ಒಡೆದಿದೆ ಎಂದು ತಿಳಿಯಬೇಕು. ಕಳಚಿದ್ದರೆ ಪಟ್ಟಿ ಬಿಗಿದರೆ ಸಾಕು. ಬಹಳ ದಿನ ನಿಲ್ಲಿಸಿದ ಟ್ರ್ಯಾಕ್ಟರಾದರೆ ಸೈಲೆನ್ಸರಿನಲ್ಲಿ ಹಕ್ಕಿ ಗೂಡು ಕಟ್ಟಿದೆಯೆ ನೋಡುವುದನ್ನೂ ಮರೆಯಬಾರದು.

ಕಾವು

ರೇಡಿಯೇಟರಿನ ಮುಂದಿನ ಜಾಳಿಗೆಗೆ ಹೊಟ್ಟು, ರವದಿ ಮೆತ್ತಿಕೊಂಡರೆ ಗಾಳಿ ಹಾಯದೆ ಎಂಜಿನ್ ಕಾದು ಸೋಲುತ್ತದೆ. ಫ್ಯಾನಿನ ಬೆಲ್ಟು ಹೆಬ್ಬೆರಳಿನಿಂದ ಒತ್ತಿದರೆ ಸುಮಾರು ಅರ್ಧ ಇಂಚು ತಗ್ಗಬೇಕು. ಅದಕ್ಕಿಂತ ಬಹಳ ಸಡಿಲಿದ್ದರೆ ಬಿಗಿಯಬೇಕು. ಕಾದ ರೇಡಿಯೇಟರಿನ ಮುಚ್ಚಳ ತೆರೆದರೆ ಕುದಿನೀರು ಮುಖಕ್ಕೆ ಹಾರುತ್ತದೆ. ಕೈ ಇಟ್ಟರೆ ಸುಡದಷ್ಟು ಆರುವವರೆಗೆ ತಾಳಬೇಕು. ಕಾದ ಎಂಜಿನ್ನಿಗೆ ಒಮ್ಮೆಲೆ ತಣ್ಣೀರು ಸುರಿದರೆ ತಲೆ ಬಿರಿಯಬಹುದು.

ಮಿಸ್ತ್ರಿಗೆ ಹೇಳಬೇಕಾದದ್ದು

ಇಷ್ಟೆಲ್ಲ ನೋಡಿದ ಮೇಲೂ ದೋಷ ಸಿಗದಿದ್ದರೆ ಸಿಂಪಡಿಸುವ ನೋಜಲು, ದೊಡ್ಡ ಪಂಪು, ವಾಲ್ವು, ತಲೆಯ ಗ್ಯಾಸ್ಕೆಟ್ಟು ಇವುಗಳ ಕಡೆಗೆ ಹೋಗಬೇಕಾಗುತ್ತದೆ. ಇವು ಹೊಲದಲ್ಲಿ ಬಿಚ್ಚುವ ವಸ್ತುಗಳಲ್ಲ. ಪಂಪಿನ ಮೊಹರು ಒಡೆದು ಎಣ್ಣೆ ಹೆಚ್ಚಿಸಿದರೆ ಕಸುವು ಬಂದೀತೆಂಬ ಉಪದೇಶ ಕೇಳಬೇಡಿರಿ. ಬರುವುದು ಕಪ್ಪು ಹೊಗೆ, ಖರ್ಚು ಮತ್ತು ಕಾವು.

ಆದರೆ ಮಿಸ್ತ್ರಿಯ ಹತ್ತಿರ "ಟ್ರ್ಯಾಕ್ಟರ್ ಎಳೆಯುವುದಿಲ್ಲ" ಎಂದಷ್ಟೇ ಹೇಳಿ ಕೈಕಟ್ಟಿ ನಿಂತರೆ ಅವನು ತನಗೆ ತಿಳಿದ ಕಡೆಯಿಂದ ಬಿಚ್ಚತೊಡಗುತ್ತಾನೆ. ಕನ್ನಡದಲ್ಲಾಗಲಿ ಮರಾಠಿಯಲ್ಲಾಗಲಿ ನಾಲ್ಕು ಸಂಗತಿ ಸ್ಪಷ್ಟವಾಗಿ ಹೇಳಿರಿ: ಎಷ್ಟು ಹೊತ್ತು ಓಡಿದ ಮೇಲೆ ಸೋಲುತ್ತದೆ, ಹೊಗೆಯ ಬಣ್ಣವೇನು, ಖಾಲಿ ಇದ್ದಾಗ ಹೇಗೆ ಭಾರವಿದ್ದಾಗ ಹೇಗೆ, ಇತ್ತೀಚೆಗೆ ಏನು ಬಿಚ್ಚಿ ಹಾಕಿದಿರಿ. ಅರ್ಧ ತಾಸಿಗೆ ಸೋತು, ನಿಂತರೆ ಸುಧಾರಿಸುತ್ತದೆಂಬ ಮಾತನ್ನೂ, ಹೊಸದಾಗಿ ಹಾಳೆ ಕಟ್ಟಿದ್ದನ್ನೂ ನಾವು ಅಂದು ಹೇಳಿದ್ದರೆ ಮಿಸ್ತ್ರಿಯೂ ಟಾಕಿಯ ಬಾಯಿಯನ್ನೇ ಮೊದಲು ನೋಡುತ್ತಿದ್ದನೋ ಏನೋ. ತಪ್ಪು ಅವನೊಬ್ಬನದೇ ಆಗಿರಲಿಲ್ಲ.

ಬಿತ್ತಿಗೆಗೆ ಮುಂಚೆ ಎತ್ತಿನ ಗೊರಸು, ಲಾಳ ನೋಡುವುದು ನಮ್ಮ ಹಿರಿಯರ ಪದ್ಧತಿಯಾಗಿತ್ತು. ಹಾಗೆಯೇ ಟಾಕಿಯನ್ನು ಸಂಜೆಯೇ ತುಂಬಿಸಿಟ್ಟರೆ ಚಳಿಯ ರಾತ್ರಿ ಖಾಲಿ ಜಾಗದಲ್ಲಿ ನೀರಿನ ಹನಿ ಕೂಡುವುದಿಲ್ಲ. ಪೀಪಾಯಿಯ ಡೀಸೆಲನ್ನು ತಳದಿಂದ ಕಲಕದೆ, ಸಣ್ಣ ಜಾಳಿಯ ಆಲಿಕೆಯಿಂದ ಹಾಕಬೇಕು. ಒಂದು ಜೊತೆ ಫಿಲ್ಟರು, ಒಂದು ಬೆಲ್ಟು, ಎರಡು ವಾಷರು ಮನೆಯಲ್ಲಿರಲಿ. ಮುಚ್ಚಳ ಕಳೆದರೆ ಆ ದಿನವೇ ಹೊಸದು ತನ್ನಿರಿ. ಹದ ಯಾರಿಗಾಗಿಯೂ ಕಾಯುವುದಿಲ್ಲ. ಅದಕ್ಕಾಗಿ ನಾವು ಕಾದಿರಬೇಕು, ನಮ್ಮ ಯಂತ್ರವೂ ಸಿದ್ಧವಾಗಿರಬೇಕು.