ಒಂದಡಿ ಕೌದಿಯ ಸವಾಲು

ಒಂದಡಿ ಉದ್ದ, ಒಂದಡಿ ಅಗಲ, ಮೂರೇ ಬಣ್ಣ. ಹೊಸ ಬಟ್ಟೆ ಕೊಳ್ಳುವಂತಿಲ್ಲ, ಕೈಹೊಲಿಗೆ ಮಾತ್ರ. ಬಿಇ ಓದಿನ ನಡುವೆ ತಿಂಗಳಿಗೊಂದು ಪುಟ್ಟ ಕೌದಿ ಹೊಲಿಯಲು ನಾನೇ ಹಾಕಿಕೊಂಡ ಷರತ್ತುಗಳಿವು.

ಪ್ರೇರಣೆ ಉತ್ತರ ಕನ್ನಡದ ಸಿದ್ದಿ ಮಹಿಳೆಯರು. ಅವರು ಅಂಚಿನಿಂದ ಹೊಲಿಗೆ ಆರಂಭಿಸಿ, ಸುತ್ತುತ್ತಾ ನಡುಭಾಗಕ್ಕೆ ಬರುತ್ತಾರೆ. ಮೂಲೆಗಳಲ್ಲಿ ‘ಫೂಲ’ ಎಂಬ ಮಡಿಸಿದ ಬಟ್ಟೆಯ ತ್ರಿಕೋನ. ಹಳೆಯ ಸೀರೆ, ಅಂಗಿಗಳೇ ಬಂಡವಾಳ.

ಈ ತಿಂಗಳು ಬೂಕನಕೆರೆಯ ನಮ್ಮ ಮನೆಯಲ್ಲಿ ಅಜ್ಜಿ ಕೊಟ್ಟದ್ದು, ತೀರಿಹೋದ ತಾತನ ರೈತಸಂಘದ ಹಸಿರು ಟವೆಲ್. ಕತ್ತರಿ ಹಾಕಿದರೆ ಮತ್ತೆ ಸಿಗದು. ನಡುವಿನ ಜಾಗ ಅದಕ್ಕೇ ಮೀಸಲಿಟ್ಟು, ಮೂರು ದಿನ ಕಾಗದದಲ್ಲಿ ಅಳೆದು ಕತ್ತರಿಸಿದೆ. ಒಂದು ಚೂರೂ ವ್ಯರ್ಥವಾಗಲಿಲ್ಲ.

ಲ್ಯಾಬ್‌ನಲ್ಲಿ ಕೆಟ್ಟ ಬಿಡಿಭಾಗ ಬದಲಿಸಬಹುದು. ಇಲ್ಲಿ ಇರುವುದರಲ್ಲೇ ದಾರಿ ಹುಡುಕಬೇಕು. ಕೆಲಸ ಅರಸುವ ನಮಗೂ ಬೇಕಾದ ಅಭ್ಯಾಸ ಇದೇ ಅಲ್ಲವೇ?